ಬ್ಯೂಸಿಂಗರ ಡಬ್ಬಿಯ ಮುಂದೆ ಬಿದ್ದ ಕಾಗದ

ಗುರುವಾರ, ೧೨ ಸೆಪ್ಟೆಂಬರ್ ೧೯೯೧

ಬನ್ನಿ ಮಹಾಜನರೇ, ಬನ್ನಿ. ಮುಂದಿನ ಕುರ್ಚಿಯ ಹಿರಿಯರೇ, ಹಿಂದಿನ ಬೆಂಚಿನ ಬಾಯಿಬಡುಕರೇ, ಡೇರೆಯ ಸಂದಿಯಿಂದ ಟಿಕೆಟ್ಟಿಲ್ಲದೆ ಇಣುಕುವ ಪುಣ್ಯಾತ್ಮರೇ, ಎಲ್ಲರೂ ಬನ್ನಿ. ಮಗು ಅತ್ತರೆ ಹೊರಗೆ ಎತ್ತಿಕೊಂಡು ಹೋಗಿ, ಕೆಮ್ಮು ಬಂದರೆ ಬಾಯಿಗೆ ಕರವಸ್ತ್ರ ಇಡಿ, ಯಾಕೆಂದರೆ ಈ ಹೊತ್ತು ರಂಗದ ಮೇಲೆ ನಿಂತಿರುವವನು ಮನುಷ್ಯನೊಬ್ಬನನ್ನು ಕೊಂದವನು. ಇದು ನನ್ನ ಮಾತಲ್ಲ. ಅಯೋವಾ ರಾಜ್ಯದ ಮಾತು. ಮುದ್ರೆ ಒತ್ತಿದ ಕಾಗದದಲ್ಲಿ ಬರೆದು ಡೆಪ್ಯುಟಿ ಶೆರಿಫನ ಕೈಯಲ್ಲಿ ನನ್ನ ಮನೆಬಾಗಿಲಿಗೆ ಕಳಿಸಿದ ಮಾತು. ಇಪ್ಪತ್ತಾರು ವರ್ಷ ಊರವರಿಗೆಲ್ಲ ಕಾಗದ ತಲುಪಿಸಿದವನಿಗೆ ಊರು ತಲುಪಿಸಿದ ಕಾಗದ.

ಸಭಿಕರಿಲ್ಲವೆಂದು ನನಗೂ ಗೊತ್ತು. ಇದು ನನ್ನ ಹೆಂಡತಿ ವರ್ಲಾ ಅಡುಗೆ ಬರೆದಿಡಲು ತಂದು ಎರಡೇ ಪುಟಕ್ಕೆ ಕೈಬಿಟ್ಟ ನೋಟುಬುಕ್ಕು. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ನೌಕರರ ಸಂಘದವರು ಅಪ್ಪಣೆ ಮಾಡಿದ್ದಾರೆ. ಆರ್ಲಿಸ್ ಪಿಕರಿಂಗ್ ಎಂಬ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ನನ್ನಪ್ಪನ ನಾಟಕ ಕಂಪನಿ ಊರೂರಿಗೆ ಡೇರೆ ಹೊತ್ತು ತಿರುಗುತ್ತಿತ್ತು. ನಾನು ಹುಟ್ಟಿದ್ದು ಎರಡು ಊರುಗಳ ನಡುವೆ, ವೇಷದ ಪೆಟ್ಟಿಗೆಗಳ ನಡುವೆ. ಟೆಲಿವಿಷನ್ ಬಂದು ಡೇರೆ ಮಡಚಿತು, ನಾನು ಟಪಾಲು ಚೀಲ ಹಿಡಿದೆ. ದನಿ ಮಾತ್ರ ಮಡಚಲಿಲ್ಲ.

ನಡೆದದ್ದು ಇಷ್ಟು. ಆಗಸ್ಟ್ ೨೨, ಗುರುವಾರ, ಮಧ್ಯಾಹ್ನ ಹನ್ನೆರಡೂವರೆ. ಬ್ಯೂಸಿಂಗರ ಹೊಲದ ದಾರಿ ಜಲ್ಲಿ ರಸ್ತೆಗೆ ಸೇರುವಲ್ಲಿ ಅವರಿಗೆ ಬಂದ ಕಾಗದ ಹಾಕುವ ಟಪಾಲು ಡಬ್ಬಿ. ನಾನು ಟಪಾಲು ಮಾರ್ಗದವರೆಲ್ಲ ಕೂರುವ ಹಾಗೆ, ಸ್ಟೀರಿಂಗ್ ಎಡಕ್ಕಿದ್ದರೂ ಡಬ್ಬಿಗೆ ಕೈ ಎಟುಕಲೆಂದು ಕಾರಿನ ಬಲಗಡೆ ಸೀಟಿನಲ್ಲಿ ಕೂತು, ಎಡಗಾಲನ್ನು ಆಚೆ ಚಾಚಿ ಪೆಡಲ್ ಒತ್ತುತ್ತ, ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು, ಬಲಗೈಯಲ್ಲಿ ಕಾಗದ ಹಂಚುತ್ತಿದ್ದೆ. ಒಂದು ಕಾಗದ ಗಾಳಿಗೆ ಹಾರಿ ಕೆಳಗೆ ಬಿತ್ತು. ಕಾರು ಆಗಲೇ ಮುಂದೆ ಹೋಗಿತ್ತು. ಸರ್ಕಾರದ ಟಪಾಲನ್ನು ಧೂಳಿನಲ್ಲಿ ಬಿಟ್ಟು ಹೋಗಲು ಬರುತ್ತದೆಯೇ? ಹಿಂದಕ್ಕೆ ತೆಗೆದೆ. ಆ ಮನೆಯ ಮನುಷ್ಯ ಹಿಂದೆ ಬಗ್ಗಿದ್ದ. ಕನ್ನಡಿಯಲ್ಲಿ ಕಾಣಲಿಲ್ಲ.

ಇದಕ್ಕೆ ಎರಡು ವರ್ಷ ಜೈಲು ಕೇಳುತ್ತಿದ್ದಾರೆ. ನಾನು ಯಾರ ಕೆಲಸದಲ್ಲಿದ್ದೆ ಸ್ವಾಮೀ? ಈ ಕೌಂಟಿಯ, ಅಂದರೆ ಈ ಜಿಲ್ಲೆಯ ಕೆಲಸದಲ್ಲಾ, ಈ ರಾಜ್ಯದ ಕೆಲಸದಲ್ಲಾ? ಟಪಾಲು ಕೇಂದ್ರ ಸರ್ಕಾರದ್ದು, ನಾನು ವಾಷಿಂಗ್ಟನ್ನಿನ ಕೆಲಸದವನು. ನನ್ನನ್ನು ಮುಟ್ಟಲು ಇವರ್‍ಯಾರು?


ಮಂಗಳವಾರ, ೧೭ ಸೆಪ್ಟೆಂಬರ್

ಬ್ರಾಡಕ್ ಕೌಂಟಿಯ ಕೋರ್ಟಿನಲ್ಲಿ ಇವತ್ತು ನನ್ನ ಪ್ರವೇಶ. ಪಾತ್ರ: ಆರೋಪಿ. ಮಾತು: ಒಂದೇ ಸಾಲು, "ತಪ್ಪಿತಸ್ಥನಲ್ಲ." ಆ ಒಂದು ಸಾಲನ್ನು ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದೆ. ಜಡ್ಜು ತಲೆ ಎತ್ತಿ, ಅಷ್ಟು ಜೋರಾಗಿ ಹೇಳುವ ಅಗತ್ಯವಿಲ್ಲ ಎಂದರು. ಯಾರೋ ನಕ್ಕರು.

ನನ್ನ ಮೇಲೆ ಮೊಕದ್ದಮೆ ಹೂಡಿರುವ ಕೌಂಟಿ ಪ್ರಾಸಿಕ್ಯೂಟರ್ ಟ್ವೈಲಾ ಓಸ್ಟ್‌ಹಾಫ್ ಯಾರೆಂದುಕೊಂಡಿರಿ? ನನ್ನ ಮಾರ್ಗದ ನಲವತ್ತನೇ ಡಬ್ಬಿಯ ಮನೆಯ ಹುಡುಗಿ. ಚಿಕ್ಕವಳಿದ್ದಾಗ ದೂರದಿಂದಲೇ ನನ್ನ ದನಿ ಕೇಳಿ ಗೇಟಿಗೆ ಓಡಿ ಬರುತ್ತಿದ್ದಳು. ಕಾನೂನು ಕಾಲೇಜಿನಿಂದ ಸೀಟು ಸಿಕ್ಕಿದ ಕಾಗದ ಬಂದ ದಿನ ಅದನ್ನು ಎತ್ತಿ ಹಿಡಿದು ಅವರ ಅಂಗಳದಲ್ಲಿ ಸಾರಿದವನು ನಾನು. ಅದೇ ಹುಡುಗಿ ಇವತ್ತು ಬೂದು ಕೋಟು ತೊಟ್ಟು ದಿನಸಿ ಪಟ್ಟಿ ಓದುವ ದನಿಯಲ್ಲಿ ನನ್ನ ಮೇಲಿನ ಆರೋಪ ಓದಿದಳು. ವರಾಂಡದಲ್ಲಿ ಅಡ್ಡಗಟ್ಟಿ, ಟ್ವೈಲಾ, ಇದೇನಮ್ಮ ಇದು ಎಂದು ಕೇಳಿದೆ.

"ಪಿಕರಿಂಗ್ ಅವ್ರೇ, ನಿಮ್ಮ ವಕೀಲರಿಲ್ದೆ ನಾನು ನಿಮ್ಮ ಜೊತೆ ಮಾತಾಡೋ ಹಾಗಿಲ್ಲ," ಅಂದಳು. ಪಿಕರಿಂಗ್ ಅವರಂತೆ. ಆರ್ಲಿಸ್ ಮಾವ ಎಂದು ಕೂಗುತ್ತಿದ್ದ ಬಾಯಿ.

ಬಿಡಿ. ವಾಷಿಂಗ್ಟನ್ನಿನ ವಕೀಲರು ಬರುತ್ತಾರಂತೆ. ಆಗ ನೋಡೋಣ ಬೂದು ಕೋಟಿನ ಗತ್ತು.


ಬುಧವಾರ, ೨೫ ಸೆಪ್ಟೆಂಬರ್

ಎದ್ದು ನಿಲ್ಲಿ ಸಭಿಕರೇ, ಫೆಡರಲ್, ಅಂದರೆ ಕೇಂದ್ರ ಸರ್ಕಾರದ ವಕೀಲ ಆಗಮಿಸಿದ್ದಾನೆ. ಹೆಸರು ಪ್ರೆಂಟಿಸ್ ಲಾಫ್ಲಿನ್, ವಯಸ್ಸು ಮೂವತ್ತು ಇದ್ದರೆ ಹೆಚ್ಚು, ಬೂಟು ನಮ್ಮ ಜಲ್ಲಿ ರಸ್ತೆಯನ್ನು ಹಿಂದೆಂದೂ ಕಂಡದ್ದಲ್ಲ. ವರ್ಲಾ ಕೊಟ್ಟ ಆ್ಯಪಲ್ ಪೈ ಎರಡು ತುಂಡು ತಿಂದ. ಒಳ್ಳೆಯ ಹುಡುಗ.

ಅವನು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಬರೆಯುತ್ತೇನೆ. ಹಿಂದೊಂದು ಕಾಲದಲ್ಲಿ ಕೆಲವು ರಾಜ್ಯಗಳು ವಾಷಿಂಗ್ಟನ್ನಿನ ಮೇಲಿನ ಸಿಟ್ಟಿಗೆ ಅದರ ಸುಂಕದ ಅಧಿಕಾರಿಗಳನ್ನು ಹಿಡಿದು ಜೈಲಿಗೆ ಹಾಕುತ್ತಿದ್ದವಂತೆ. ಅದಕ್ಕೆ ಒಂದು ಕಾನೂನು ಬಂತು: ಫೆಡರಲ್ ನೌಕರನ ಮೇಲೆ ರಾಜ್ಯ ಮೊಕದ್ದಮೆ ಹೂಡಿದರೆ ಅದನ್ನು ರಾಜ್ಯದ ಕೋರ್ಟಿನಿಂದ ಎತ್ತಿ ಫೆಡರಲ್ ಕೋರ್ಟಿಗೆ ತರಬಹುದು. ಅಲ್ಲಿ, ಮಾಡಿದ್ದು ಕರ್ತವ್ಯವೇ ಎಂದು ತೋರಿಸಿಬಿಟ್ಟರೆ ಮುಗಿಯಿತು. ರಾಜ್ಯ ಕೈ ಕಟ್ಟಿಕೊಂಡು ಕೂರಬೇಕು. ಬಿದ್ದ ಟಪಾಲನ್ನು ಎತ್ತಿಕೊಳ್ಳುವುದು ಕರ್ತವ್ಯವಲ್ಲದೆ ಮತ್ತೇನು? ಎಂಥ ಕಾನೂನು ನೋಡಿ. ನನಗಾಗಿಯೇ ಹೊಲಿದ ಅಂಗಿ.

ಕೊನೆಯಲ್ಲಿ, ಕಾಗದ ಹೇಗೆ ಬಿತ್ತು ಎಂದು ಕೇಳಿದ. ಗಾಳಿ ಎಂದೆ. ಹಳದಿ ಹಾಳೆಯಲ್ಲಿ ಗಾಳಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಬ್ಯೂಸಿಂಗರ ಮನೆಯವರ ಜೊತೆ ಮಾತಾಡಕೂಡದು ಎಂದೂ ಹೇಳಿದ. ವರ್ಲಾ ಆ ಮನೆಗೆ ಸಾವಿನ ಮರುದಿನವೇ ಗಾಜಿನ ಪಾತ್ರೆಯಲ್ಲಿ ಕ್ಯಾಸರೋಲ್ ಬೇಯಿಸಿ ತಲುಪಿಸಿ ಬಂದಿದ್ದಾಳೆ ಎಂದಾಗ ಅವನು ಫೋರ್ಕನ್ನು ಕೆಳಗಿಟ್ಟ. ಅದರಲ್ಲೇನಿದೆ, ನಾನು ಅಲ್ಲಿ ಬರೀ ಕೋಳಿ ಮತ್ತೆ ನೂಡಲ್ಸ್ ಇಟ್ಟು ಬಂದೆ ಎಂದಳು ವರ್ಲಾ.


ಗುರುವಾರ, ೩ ಅಕ್ಟೋಬರ್

ಲಾಫ್ಲಿನ್‌ನ ಅರ್ಜಿ ಫೆಡರಲ್ ಕೋರ್ಟಿಗೆ ಸೇರಿತು. ಕೌಂಟಿ ಕೋರ್ಟು ನಿಂತಲ್ಲೇ ನಿಂತಿತು. ಮುಂದಿನ ವಾರ ಇದ್ದ ವಿಚಾರಣೆ ರದ್ದು. ಒಂದು ಕಾಗದಕ್ಕೆ ಎಷ್ಟು ಬಲ.

ಮಾರ್ಗದಿಂದ ನನ್ನನ್ನು ತೆಗೆದು ಪೋಸ್ಟಾಫೀಸಿನ ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸಲು ಕೂರಿಸಿದ್ದಾರೆ. ಕಿಟಕಿಯಿಲ್ಲದ ಕೋಣೆ. ಬೆಳಿಗ್ಗೆ ಹತ್ತಕ್ಕೆ ಬಿಡುವು ಸಿಕ್ಕಿತೆಂದು ಎದುರಿನ ಕೆಫೆಗೆ ಎದೆ ಸೆಟೆಸಿಕೊಂಡೇ ಹೋದೆ. ಬೀಜದ ಅಂಗಡಿಯ ಹಾರ್ಲಿ ವೀಸ್ ದೊಡ್ಡ ಮೇಜಿನ ಯಜಮಾನ; ಹಳೆಯ ಗೆಳೆಯ.

"ಬಂದ್ರಪ್ಪಾ ವಾಷಿಂಗ್ಟನ್ ಅಳಿಯಂದ್ರು. ಕುರ್ಚಿ ಒರಸ್ರೋ," ಅಂದ.

ನಾನು ಬಗ್ಗಿ ನಮಸ್ಕರಿಸಿ ಕೂತೆ. ಮೊಕದ್ದಮೆ ಹೇಗೆ ಎದ್ದು ಹೋಯಿತೆಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ, ಪಕ್ಕದ ಮೇಜಿನವರೂ ತಿರುಗಿ ಕೇಳಿದರು.

"ಹಂಗಾದ್ರೆ ನಾನು ನಾಳೆ ಎಂಬತ್ತು ಮೈಲಿ ಸ್ಪೀಡಲ್ಲಿ ಹೋಗಿ ಸಿಕ್ಕಾಕ್ಕೊಂಡ್ರೆ, ಹಣೆಗೊಂದು ಸ್ಟ್ಯಾಂಪ್ ಅಂಟಿಸ್ಕೊಂಡ್ರೆ ಸಾಕೇನೋ?" ಎಂದ ಹಾರ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರೋ, ರೋಲಂಡ್ ಇದ್ದಿದ್ದರೆ ಇದಕ್ಕೆ ಕಾಫಿ ಮೂಗಿಗೆ ಹತ್ತುವ ಹಾಗೆ ನಗುತ್ತಿದ್ದ ಎಂದರು. ರೋಲಂಡ್ ಬ್ಯೂಸಿಂಗ್ ಆ ಮೇಜಿನಲ್ಲಿ ಕೂರುತ್ತಿದ್ದದ್ದು ನನ್ನ ಎದುರಿನ ಕುರ್ಚಿಯಲ್ಲಿ. ಅದರ ಮೇಲೆ ಯಾರದೋ ಟೋಪಿ ಇತ್ತು.


ಶುಕ್ರವಾರ, ೪ ಅಕ್ಟೋಬರ್

ಕೆಫೆಗೆ ಹೋಗಲಿಲ್ಲ. ಕೆಲಸ ಇತ್ತು.


ಶುಕ್ರವಾರ, ೧೧ ಅಕ್ಟೋಬರ್

ಮಧ್ಯಾಹ್ನ ಕೌಂಟರಿನ ಗುಮಾಸ್ತೆ ಊಟಕ್ಕೆ ಹೋಗಿದ್ದಳು. ಗಂಟೆ ಬಾರಿಸಿದ ಸದ್ದಿಗೆ ನಾನೇ ಮುಂದೆ ಬಂದೆ. ಬಂದಿದ್ದವಳು ರೋಲಂಡನ ಹೆಂಡತಿ ಲೊರೇನಾ ಬ್ಯೂಸಿಂಗ್.

ಅವಳ ಕೈಯಲ್ಲಿ ನಮ್ಮ ಗಾಜಿನ ಪಾತ್ರೆ. ತಳದಲ್ಲಿ ಅಂಟುಪಟ್ಟಿಯ ಮೇಲೆ ವರ್ಲಾ ಬರೆದ ನಮ್ಮ ಹೆಸರು. ಈ ಊರಿನಲ್ಲಿ ಸಾವಿನ ಮನೆಗೆ ಹೋದ ಪಾತ್ರೆಗಳು ತೊಳೆದು ಒಂದೊಂದಾಗಿ ಹಿಂದಿರುಗಲೇಬೇಕು, ಜೊತೆಗೆ ಧನ್ಯವಾದದ ಕಾರ್ಡು ಇರಲೇಬೇಕು. ನಮ್ಮದನ್ನೂ ಬಿಟ್ಟಿರಲಿಲ್ಲ. ಕಾರ್ಡಿನಲ್ಲಿ, ಊಟಕ್ಕೆ ಧನ್ಯವಾದ, ಮಕ್ಕಳಿಗೆ ಹಿಡಿಸಿತು ಎಂದು ಬರೆದಿದ್ದಳು. ಉಳಿದ ಕಾರ್ಡುಗಳಿಗೆ ಸ್ಟ್ಯಾಂಪು ಕೇಳಿದಳು. ನೂರ ಮೂವತ್ತು. ಹೂವಿನ ಚಿತ್ರದ್ದು ಕೊಟ್ಟೆ. ನನ್ನ ಜೊತೆ ಮಾತಾಡಬೇಡಿ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಅವಳು ಹೋಗಲಿಲ್ಲ. ಅರ್ಜಿಯಲ್ಲಿದ್ದ ನನ್ನ ಹೇಳಿಕೆಯನ್ನು ಪತ್ರಿಕೆಯಲ್ಲಿ ಓದಿದಳಂತೆ.

"ಅವತ್ತು ಗಾಳಿ ಇರ್ಲಿಲ್ಲ, ಆರ್ಲಿಸ್. ನಾನು ಹಿತ್ಲಲ್ಲಿ ಬಟ್ಟೆ ಒಣಗಾಕ್ತಿದ್ದೆ. ಒಂದು ದಿಂಬಿನ ಕವರೂ ಅಲ್ಲಾಡ್ಲಿಲ್ಲ."

ರಸ್ತೆಯ ಮೇಲೆ ಬೇರೆ, ಹಿತ್ತಲಲ್ಲಿ ಬೇರೆ ಎಂದೆ.

"ಇರ್ಬೋದು," ಅಂದಳು. "ನಿಮ್ಮ ದನಿ ಕೇಳಿಸ್ತಾ ಇತ್ತು. ಆ ನಾಟಕದ ಕ್ಯಾಪ್ಟನ್ ಮಾತು. ಆಮೇಲೆ ರೋಲಂಡ್ ಏನೋ ಕೂಗಿದ ಹಾಗಾಯ್ತು. ಆಮೇಲೆ ನಿಮ್ಮ ದನಿ ನಿಂತೋಯ್ತು. ಅವರು ಏನಂದ್ರು? ಅಷ್ಟೇ ನಂಗೆ ಬೇಕಾಗಿರೋದು. ಕೋರ್ಟು ಗೀರ್ಟು ನಿಮ್ಮ ನಿಮ್ಮಲ್ಲೇ ಇಟ್ಕೊಳಿ."

ನಾನು ಅವನನ್ನು ನೋಡಲೇ ಇಲ್ಲ, ಏನೂ ಕೇಳಿಸಲಿಲ್ಲ ಎಂದೆ. ಈ ದನಿ ಎರಡು ಸಾವಿರ ಜನರ ಡೇರೆಯನ್ನು ಮೈಕಿಲ್ಲದೆ ತುಂಬಿದ್ದು. ಆ ಮಾತು ಮಾತ್ರ ಕೌಂಟರನ್ನೂ ದಾಟಲಿಲ್ಲ. ಅವಳು, ಏನಂದ್ರಿ ಎಂದು ಕೇಳಿದಳು. ಮತ್ತೊಮ್ಮೆ ಹೇಳಬೇಕಾಯಿತು.


ಶನಿವಾರ, ೧೨ ಅಕ್ಟೋಬರ್

ಗ್ರಂಥಾಲಯಕ್ಕೆ ಹೋಗಿ ಆಗಸ್ಟ್ ೨೩ರ ಪತ್ರಿಕೆ ತೆಗೆಸಿದೆ. ಹಿಂದಿನ ದಿನದ ಹವಾಮಾನ: ತೊಂಬತ್ತೊಂದು ಡಿಗ್ರಿ. ಗಾಳಿ: ನಿಶ್ಚಲ.

ಪತ್ರಿಕೆಯವರಿಗೆ ಏನು ಗೊತ್ತು? ಅವರು ಗಾಳಿ ಅಳೆಯುವುದು ನಲವತ್ತು ಮೈಲಿ ಆಚೆಯ ವಿಮಾನ ನಿಲ್ದಾಣದಲ್ಲಿ. ಕಾರು ಚಲಿಸುವಾಗ ಕಾರಿಗೇ ಒಂದು ಗಾಳಿ ಇರುತ್ತದೆ. ಇದನ್ನು ಲಾಫ್ಲಿನ್‌ಗೆ ಹೇಳಬೇಕು.

ಗಾಜಿನ ಪಾತ್ರೆಯನ್ನು ವರ್ಲಾ ಕಪಾಟಿಗೆ ಸೇರಿಸಿಲ್ಲ. ಮೇಜಿನ ಮೇಲೇ ಇದೆ. ತೆಗೆ ಎಂದೆ. ತೆಗೆದಳು. ಸಂಜೆ ನೋಡಿದರೆ ಮತ್ತೆ ಅಲ್ಲೇ ಇತ್ತು.


ಮಂಗಳವಾರ, ೨೯ ಅಕ್ಟೋಬರ್

ಫೆಡರಲ್ ಕೋರ್ಟು. ಎರಡು ಗಂಟೆ ಕಾರಿನ ದಾರಿ. ಅಮೃತಶಿಲೆಯ ಮೆಟ್ಟಿಲು, ಹಿತ್ತಾಳೆಯ ಹದ್ದು, ಛಾವಣಿ ಎಷ್ಟು ಎತ್ತರವೆಂದರೆ ಅಲ್ಲಿ ನಿಂತು ಒಂದು ಸಾಲು ಹೇಳಿದರೆ ಅದು ಮೂರು ಸಲ ತಿರುಗಿ ಬರುತ್ತದೆ. ನನಗೆ ಹೇಳಲು ಸಾಲೇ ಇರಲಿಲ್ಲ. ಇಡೀ ಹೊತ್ತು ಬಾಯಿ ಮುಚ್ಚಿ ಕೂತಿದ್ದೆ. ನನ್ನದೇ ನಾಟಕ, ನಾನೇ ಮೂಕಪಾತ್ರ.

ಲಾಫ್ಲಿನ್ ಚೆನ್ನಾಗಿಯೇ ಶುರು ಮಾಡಿದ. ಇವರು ಫೆಡರಲ್ ನೌಕರ, ಫೆಡರಲ್ ಟಪಾಲು, ಫೆಡರಲ್ ವೇಳೆ. ಜಡ್ಜು ಕನ್ನಡಕ ಹಣೆಗೇರಿಸಿ, ಅದೆಲ್ಲ ಒಪ್ಪಿದೆ, ಮುಂದೆ ಹೇಳಿ ಎಂದರು. ಮುಂದೆ ಹೇಳಲು ಅವನ ಹತ್ತಿರ ಹೆಚ್ಚು ಇರಲಿಲ್ಲ. ಕೆಲಸದ ವೇಳೆಯಲ್ಲಿ ಇದ್ದ ಮಾತ್ರಕ್ಕೆ ಸಾಲದಂತೆ. ಟಪಾಲಿನವನು ಕೆಲಸದ ವೇಳೆಯಲ್ಲಿ ಯಾರ ಮನೆಗೋ ಬೆಂಕಿ ಇಟ್ಟರೆ ಅದೂ ಕರ್ತವ್ಯವೇ ಎಂದು ಜಡ್ಜು ಕೇಳಿದರು. ಇಂಥದ್ದನ್ನು ಮಾಡಲೇಬೇಕೆಂದು ಫೆಡರಲ್ ಕಾನೂನೇ ಅವನಿಗೆ ಹೇಳಿದ್ದರೆ ಮಾತ್ರ ಈ ಬಾಗಿಲು ತೆರೆಯುತ್ತದಂತೆ. ಇಲ್ಲವಾದರೆ ರಾಜ್ಯದ ಅಪರಾಧ ರಾಜ್ಯದ್ದು. ಅದನ್ನು ಕಸಿದುಕೊಳ್ಳಲು ವಾಷಿಂಗ್ಟನ್ನಿಗೆ ಅಧಿಕಾರವಿಲ್ಲ.

ಆಮೇಲೆ ಟ್ವೈಲಾ ಎದ್ದಳು. ಕೌಂಟಿಯಲ್ಲಿ ದಿನಸಿ ಪಟ್ಟಿ ಓದಿದವಳು ಇಲ್ಲಿಯೂ ದನಿ ಏರಿಸಲಿಲ್ಲ. ಆದರೂ ಹಿಂದಿನ ಸಾಲಿನವರೆಗೆ ಮುಟ್ಟಿತು. ಅದನ್ನು ಅವಳಿಗೆ ಯಾರು ಕಲಿಸಿದರೋ.

"ರಸ್ತೆ ಅಯೋವಾದ್ದು. ಸತ್ತವರು ಅಯೋವಾದವರು. ಹೇಗೆ ಸತ್ರು ಅಂತ ಕೇಳೋ ಹಕ್ಕು ನಮ್ದು. ಹಿಂದಕ್ಕೆ ಬಾ ಅಂತ ವಾಷಿಂಗ್ಟನ್ ಇವರಿಗೆ ಹೇಳಿತ್ತು ಅನ್ನೋದಾದ್ರೆ ತೋರಿಸ್ಲಿ, ನಾನು ಈಗ್ಲೇ ಫೈಲ್ ಮಡಚ್ತೀನಿ," ಅಂದಳು. ಜೊತೆಗೆ ನಮ್ಮ ಇಲಾಖೆಯದೇ ಕೈಪಿಡಿಯ ಒಂದು ಪುಟ ಕೊಟ್ಟಳು. ಕಾರನ್ನು ಹಿಂದಕ್ಕೆ ತೆಗೆಯಬೇಡಿ. ತೆಗೆಯಲೇಬೇಕಾದರೆ ಮೊದಲು ಕೆಳಗಿಳಿದು ಹಿಂದೆ ನೋಡಿ. ಆ ಪುಟಕ್ಕೆ ನಾನು ಪ್ರತಿ ವರ್ಷ ಸಹಿ ಹಾಕುತ್ತೇನೆ.

ಜಡ್ಜು ಕೇಸನ್ನು ವಾಪಸ್ ಕಳಿಸಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಹತ್ತು ದಿನ ಕೊಟ್ಟರು. ಯಾವ ಕರ್ತವ್ಯ ಕಾರನ್ನು ಹಿಂದಕ್ಕೆ ಎಳೆಯಿತು, ಕಾಗದ ಹೇಗೆ ಬಿತ್ತು, ಎಲ್ಲವನ್ನೂ ಪ್ರಮಾಣ ಮಾಡಿ ಬರೆದು ಕೊಡಿ. ನವೆಂಬರ್ ೮ರ ಸಂಜೆ ಐದರೊಳಗೆ ಬರದಿದ್ದರೆ ಕೇಸು ಬ್ರಾಡಕ್ ಕೌಂಟಿಗೆ. ಎರಡು ಸರ್ಕಾರಗಳ ಜಗಳದಲ್ಲಿ ನಾನು ಹಗ್ಗ. ಆ ಕಡೆಯವರೂ ಎಳೆಯುತ್ತಾರೆ, ಈ ಕಡೆಯವರೂ ಎಳೆಯುತ್ತಾರೆ, ಹಗ್ಗವನ್ನು ಯಾರೂ ಏನೂ ಕೇಳುವುದಿಲ್ಲ.

ಮೂರು ಗಂಟೆ ವಾದ ನಡೆಯಿತು. ಒಬ್ಬರೂ ರೋಲಂಡ್ ಎನ್ನಲಿಲ್ಲ. "ಮೃತರು" ಎಂದರು, "ಸತ್ತವರು" ಎಂದರು, ಲಾಫ್ಲಿನ್ ಒಮ್ಮೆ "ಆ ಘಟನೆ" ಎಂದ. ಲೊರೇನಾ ಕೊನೆಯ ಬೆಂಚಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೆಸರು ಹೇಳಲು ಇವರಿಗೇನು ಕಷ್ಟ? ಈ ಸಿಟ್ಟಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಜೊತೆಗಿದ್ದ ವರ್ಲಾಳ ಮೇಲೆ ರೇಗಿದೆ.


ಶನಿವಾರ, ೨ ನವೆಂಬರ್

ಹಿಮ, ಅದರ ಮೇಲೆ ಮಂಜುಗಡ್ಡೆ. ಕಂಬಗಳು ಮುರಿದಿವೆ, ಎರಡು ದಿನದಿಂದ ಕರೆಂಟಿಲ್ಲ. ಟಪಾಲು ಹೊರಡಲಿಲ್ಲ. ನನ್ನ ಮಾರ್ಗವನ್ನು ಈಗ ಮಾಡುತ್ತಿರುವವಳು ಹೊಸ ಹೆಂಗಸು. ಅವಳು ಡಬ್ಬಿ ತಪ್ಪಿಹೋದರೆ ಹಿಂದಕ್ಕೆ ಬರುವುದಿಲ್ಲವಂತೆ. ಮುಂದೆ ಹೋಗಿ ಯಾರದಾದರೂ ಅಂಗಳದಲ್ಲಿ ಸುತ್ತು ಹೊಡೆದು ಬರುತ್ತಾಳಂತೆ. ಅರ್ಧ ಗಂಟೆ ತಡವಾಗುತ್ತದೆ. ಜನ ಏನೂ ಅನ್ನುತ್ತಿಲ್ಲ.

ಅದು ಅಷ್ಟು ಸುಲಭವಿತ್ತು.


ಮಂಗಳವಾರ, ೫ ನವೆಂಬರ್

ಲಾಫ್ಲಿನ್ ಕಳಿಸಿದ ಅಫಿಡವಿಟ್ ಬಂತು. ಎರಡು ಪುಟ, ಕೊನೆಯಲ್ಲಿ ನನ್ನ ಸಹಿಗೆ ಗೆರೆ. ನೋಟರಿಯ ಮುಂದೆ ಸಹಿ ಮಾಡಿ ಶುಕ್ರವಾರದೊಳಗೆ ಅವನ ಕೈಗೆ ಸೇರಿಸಬೇಕು. ನಾಲ್ಕನೆಯ ಅಂಶ: ಅನಿರೀಕ್ಷಿತ ಗಾಳಿಗೆ ಕಾಗದ ನನ್ನ ಕೈಯಿಂದ ಹಾರಿತು. ಐದನೆಯದು: ರಸ್ತೆಯಲ್ಲಾಗಲಿ ಡಬ್ಬಿಯ ಬಳಿಯಾಗಲಿ ಯಾರೂ ನನಗೆ ಕಾಣಲಿಲ್ಲ. ಆರನೆಯದು: ಟಪಾಲನ್ನು ಕಾಪಾಡುವ ಕರ್ತವ್ಯದಿಂದಾಗಿ ಕಾರನ್ನು ಹಿಂದಕ್ಕೆ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಫೋನಿನಲ್ಲಿ ಅವನನ್ನು ಕೇಳಿದೆ, ಗಾಳಿ ಅಂತಲೇ ಇರಬೇಕಾ ಎಂದು.

"ನೀವೇ ಹೇಳಿದ್ದಲ್ವಾ ಸರ್?" ಅಂದ. ಆಮೇಲೆ, "ನಿಮ್ಮ ಕೈಯಿಂದಾನೇ ಬಿತ್ತು ಅಂದ್ರೆ ಅದು ಕರ್ತವ್ಯ ಆಗಲ್ಲ, ಅಜಾಗ್ರತೆ ಆಗುತ್ತೆ. ಆಗ ನಿಮ್ಮನ್ನ ಉಳಿಸೋಕೆ ನಮಗೆ ದಾರೀನೇ ಇರಲ್ಲ. ನಾನು ಕೇಳ್ತಾ ಇಲ್ಲ ಸರ್. ನೀವೂ ಹೇಳಬೇಡಿ," ಎಂದು ಫೋನಿಟ್ಟ.

ವರ್ಲಾ ಪಾತ್ರೆ ತೊಳೆಯುವುದನ್ನು ಬಿಟ್ಟು, ಕೈ ಒರಸಿಕೊಂಡು, ಎರಡೂ ಪುಟ ನಿಂತೇ ಓದಿದಳು.

"ಮೂವತ್ನಾಲ್ಕು ವರ್ಷ ಆಯ್ತು ಆರ್ಲಿಸ್, ನಿನ್ನ ಜೊತೆ ಊಟಕ್ಕೆ ಕೂತು. ಆ ಕ್ಯಾಪ್ಟನ್ ಮಾತು ಹೇಳ್ತಾ ನೀನು ಕೈ ಬೀಸೋ ಜಾಗ ಬಂದಾಗ ನಾನು ಲೋಟ ಪಕ್ಕಕ್ಕೆ ಸರಿಸ್ತೀನಿ. ಮಕ್ಕಳೂ ಸರಿಸೋರು," ಎಂದಳು.

ನಾನು ಕೂಗಾಡಿದೆ. ನಿನಗೆ ಗಂಡ ಜೈಲಿಗೆ ಹೋಗುವುದೇ ಬೇಕಾ, ಕೆಲಸ ಹೋಗಲಿ, ಪಿಂಚಣಿ ಹೋಗಲಿ, ಇದೇ ಬೇಕಾ ಎಂದೆ. ಅವಳು, ನನಗೆ ಅದ್ಯಾವುದೂ ಬೇಡ ಎಂದಳು. ಸಹಿ ಮಾಡು ಎನ್ನಲಿಲ್ಲ. ಮಾಡಬೇಡ ಎನ್ನಲೂ ಇಲ್ಲ. ಈ ಮನೆಯಲ್ಲೂ ನನಗೆ ಒಂದು ನೆಟ್ಟಗಿನ ತೀರ್ಪು ಸಿಗುವುದಿಲ್ಲ.


ಬುಧವಾರ, ೬ ನವೆಂಬರ್

ನೋಟರಿ ಮಾಡುವ ಬ್ಯಾಂಕಿನವರೆಗೆ ಹೋದೆ. ಬಾಗಿಲು ತೆಗೆದಿತ್ತು. ಒಳಗೆ ಹಾರ್ಲಿ ಸಾಲಿನಲ್ಲಿ ನಿಂತಿದ್ದ. ವಾಪಸ್ ಬಂದೆ. ಹಾರ್ಲಿ ನಿಂತಿದ್ದ ಎಂದು ವರ್ಲಾಗೆ ಹೇಳಿದೆ. ಸರಿ ಎಂದಳು.


ಗುರುವಾರ, ೭ ನವೆಂಬರ್, ಮಧ್ಯಾಹ್ನ

ರಜೆ ಹಾಕಿದ್ದೇನೆ. ಅಡುಗೆಮನೆಯ ಮೇಜಿನಲ್ಲಿ ಕೂತಿದ್ದೇನೆ. ಅಫಿಡವಿಟ್ ಈ ಪುಸ್ತಕದ ಪಕ್ಕದಲ್ಲಿದೆ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಅಪ್ಪನ ಕಂಪನಿಯ ನಾಟಕದ ಮೂರನೇ ಅಂಕದಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್ ವಿದಾಯ ಹೇಳುತ್ತಾನೆ. ಹನ್ನೊಂದು ನಿಮಿಷದ ಮಾತು. ಕೊನೆಗೆ ಬಲಗೈಯನ್ನು ಎದೆಯಿಂದ ತೆಗೆದು ಕಡಲಿನುದ್ದಕ್ಕೂ ಬೀಸುತ್ತಾನೆ. ಅದನ್ನು ನಾನು ಮಾರ್ಗದಲ್ಲಿ ದಿನವೂ ಹೇಳುತ್ತೇನೆ. ಸೇತುವೆ ದಾಟಿದ ಮೇಲೆ ಶುರು ಮಾಡಿದರೆ ಬ್ಯೂಸಿಂಗರ ಡಬ್ಬಿಗೆ ಸರಿಯಾಗಿ ಮುಗಿಯುತ್ತದೆ. ಮುಗಿಯುತ್ತದೆ ಎನ್ನುವುದು ಸುಳ್ಳು. ಅಲ್ಲಿಗೆ ಮುಗಿಯುವ ಹಾಗೆ ನಾನೇ ಕಾರನ್ನು ನಿಧಾನ ಮಾಡುತ್ತೇನೆ, ಯಾಕೆಂದರೆ ರೋಲಂಡ್ ಊಟದ ಹೊತ್ತಿಗೆ ಹಂದಿಗಳ ಕೊಟ್ಟಿಗೆಯಿಂದ ಬಂದು ಅಲ್ಲಿ ನಿಂತಿರುತ್ತಿದ್ದ. ಮಾರ್ಗದ ನಾನೂರು ಡಬ್ಬಿಯಲ್ಲಿ ಚಪ್ಪಾಳೆ ತಟ್ಟುವವನು ಅವನೊಬ್ಬನೇ.

ಆಗಸ್ಟ್ ೨೨ರಂದು ಗಾಳಿ ಇರಲಿಲ್ಲ. ರೋಲಂಡ್ ಹೊಲದ ದಾರಿಯಲ್ಲಿ ಬರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇನ್ನೂ ಮೂವತ್ತು ಹೆಜ್ಜೆ ದೂರದಲ್ಲಿದ್ದ. ಅವನಿಗೆ ಕಾಣಲಿ ಎಂದೇ ಕೈ ಬೀಸಿದೆ, ಕಿಟಕಿಯಾಚೆ, ಪೂರ್ತಿ. ಅವನ ಕಾಗದ ಅದೇ ಕೈಯಲ್ಲಿತ್ತು. ಹಾರಿತು. ನಿಲ್ಲಿಸುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಹಿಂದೆ ರೋಲಂಡ್ ಚಪ್ಪಾಳೆ ತಟ್ಟಿ "ಒನ್ಸ್ ಮೋರ್" ಎಂದು ಕೂಗಿದ. ಎರಡು ಸಲ ಕೂಗಿದ. ನಗುತ್ತಿದ್ದ.

ಇಳಿದು ನಡೆದು ಹೋಗಿದ್ದರೆ ಆಗುತ್ತಿತ್ತು. ಅಲ್ಲೇ ಬಿಟ್ಟು ಹೋಗಿದ್ದರೂ ಆಗುತ್ತಿತ್ತು, ಅವನದೇ ಕಾಗದ, ಅವನೇ ಎತ್ತಿಕೊಳ್ಳುತ್ತಿದ್ದ. ನನಗೆ ಅವನಿಗಿಂತ ಮೊದಲು ಅದನ್ನು ಎತ್ತಿ, ಬಗ್ಗಿ ನಮಸ್ಕಾರ ಮಾಡಿ ಅವನ ಕೈಗೆ ಕೊಡಬೇಕು ಅನ್ನಿಸಿತು. ಅದಕ್ಕೆ ವೇಗವಾಗಿ ಹಿಂದಕ್ಕೆ ತೆಗೆದೆ. ಕನ್ನಡಿ ನೋಡಲಿಲ್ಲ. ಅವನು ಓಡಿ ಬಂದಿದ್ದ. ನಾನು ಇಳಿಯುವ ಕಷ್ಟ ಬೇಡವೆಂದು ಓಡಿ ಬಂದು ಬಗ್ಗಿದ್ದ ಅನ್ನಿಸುತ್ತದೆ. ಇದು ಮಾತ್ರ ನನ್ನ ಊಹೆ.

ಇದರಲ್ಲಿ ವಾಷಿಂಗ್ಟನ್ನಿನ ಕೆಲಸ ಎಷ್ಟು? ಹುಡುಕಿದೆ. ಬೆಳಗಿನಿಂದ ಹುಡುಕುತ್ತಿದ್ದೇನೆ. ಆ ಕಾರಿನಲ್ಲಿದ್ದ ಟಪಾಲೆಲ್ಲ ಅವರದು, ಆ ಕೈ ನನ್ನದು. ಜಡ್ಜು ಹೇಳಿದ್ದನ್ನು ಆ ದಿನ ದ್ವೇಷಿಸಿದೆ, ಇವತ್ತೂ ಹಿಡಿಸುವುದಿಲ್ಲ. ಬೇರೆ ಬಾಗಿಲು ಇದೆ ಎಂದು ತೋರಿಸಿ, ಅದರ ಮುಂದೆ ಒಂದೂವರೆ ತಿಂಗಳು ನಿಲ್ಲಿಸಿ, ಇದು ನಿನ್ನದಲ್ಲ ಎಂದರು. ಮೊದಲೇ ಹೇಳಿದ್ದರೆ ಲೊರೇನಾ ಬಂದ ದಿನ ನಾನು ಬಾಯಿ ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ. ಅವರನ್ನು ಬಯ್ದು ಪ್ರಯೋಜನವಿಲ್ಲ. ಆದರೂ ಬಯ್ಯುತ್ತಿದ್ದೇನೆ.

ವರ್ಲಾ ಬಂದು ಇದನ್ನೆಲ್ಲ ಓದಲಾ ಎಂದು ಕೇಳಿದಳು. ಓದು ಎಂದು ಪುಸ್ತಕ ಕೊಟ್ಟೆ. ಓದಿದಳು. ಒಂದು ಜಾಗದಲ್ಲಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ನಾಳೆಗೆ ಯಾವ ಅಂಗಿ ಎಂದು ಕೇಳಿದಳು. ನೀಲಿಯದು ಎಂದೆ. ಈಗ ಇಸ್ತ್ರಿ ಮಾಡುತ್ತಿದ್ದಾಳೆ.

ನಾಳೆ ಬೆಳಿಗ್ಗೆ ಏಳಕ್ಕೆ ಲಾಫ್ಲಿನ್‌ಗೆ ಫೋನ್ ಮಾಡಿ, ಸಹಿ ಬರುವುದಿಲ್ಲ, ಐದು ಗಂಟೆಯವರೆಗೆ ಕಾಯಬೇಡಪ್ಪ ಎಂದು ಹೇಳುತ್ತೇನೆ. ಎಂಟಕ್ಕೆ ಬ್ಯೂಸಿಂಗರ ಮನೆಗೆ ಹೋಗುತ್ತೇನೆ. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಕ್ಕೆ ನಡೆದು ಹೋಗುತ್ತೇನೆ. ಬಾಗಿಲಲ್ಲಿ ನಿಂತು, ರೋಲಂಡ್ ಏನು ಕೂಗಿದ, ಎಷ್ಟು ಸಲ ಕೂಗಿದ, ನಾನು ಏನು ಮಾಡಿದೆ ಎನ್ನುವುದನ್ನು ಲೊರೇನಾಗೆ ಸಾಮಾನ್ಯ ದನಿಯಲ್ಲಿ ಹೇಳುತ್ತೇನೆ. ಅವಳು ಒಳಗೆ ಕರೆಯದಿದ್ದರೆ ಅಲ್ಲಿಂದಲೇ ತಿರುಗುತ್ತೇನೆ. ಒಂಬತ್ತಕ್ಕೆ ಕೌಂಟಿ ಕೋರ್ಟಿನ ಬಾಗಿಲು ತೆಗೆಯುತ್ತದೆ. ಟ್ವೈಲಾಳ ಕಚೇರಿ ಎರಡನೇ ಮಹಡಿಯಲ್ಲಿ. ಅವಳಿಗೂ ಇದನ್ನೇ ಹೇಳುತ್ತೇನೆ. ವಕೀಲರಿಲ್ಲದೆ ಮಾತಾಡುವ ಹಾಗಿಲ್ಲ ಎಂದು ಅವಳು ಮನೆಗೆ ಅಟ್ಟಿದರೆ, ಊರಿನ ಯಾವನಾದರೂ ವಕೀಲನನ್ನು ಕರೆದುಕೊಂಡು ಹತ್ತು ಗಂಟೆಗೆ ಮತ್ತೆ ಮೆಟ್ಟಿಲು ಹತ್ತುತ್ತೇನೆ.